ಕಂದು ಹುಳಕ್ಕೆ ಎರಡು ನಿಮಿಷ

ಸೋಮವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಅತ್ತೆ ನನ್ನ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಮೂರು ಹುಳಗಳನ್ನು ಸಾಲಾಗಿ ಇಟ್ಟರು.

"ತಗೋ. ಮರದ ಮೇಲೇ ಬಿಟ್ಟು ಬಂದಿದ್ದೀಯ. ಸಾಮಾನು ಹೊರಗೆ ಒಯ್ದ ಮೇಲೆ ಎಣಿಸಿ ವಾಪಸ್ ತರೋ ಅಭ್ಯಾಸ ಇರಬೇಕು."

ಎಣಿಸುವುದನ್ನು ಬಿಟ್ಟು ಬೇರೇನನ್ನೂ ಏಳು ವರ್ಷದಿಂದ ಮಾಡಿರದ ನನಗೆ ಈ ಮಾತು. ಹುಳಗಳನ್ನು ನೋಡಿದೆ. ಮಕ್ಕಳು ಆಡುವ ಕ್ಲೇಯಲ್ಲಿ ನಾನೇ ಹೊಸೆದವು. ತಲಾ ಮೂರು ಸೆಂಟಿಮೀಟರ್ ಉದ್ದ, ಬಣ್ಣ ಕಂದು. ಒಂದರ ಮೇಲೂ ಕೊಕ್ಕಿನ ಗುರುತಿರಲಿಲ್ಲ. ಧೂಳು ಹಿಡಿದಿದ್ದು ಬಿಟ್ಟರೆ ಹೊಸೆದ ದಿನ ಹೇಗಿದ್ದವೋ ಹಾಗೇ ಇದ್ದವು.

ನನ್ನ ಪಟ್ಟಿಯ ಪ್ರಕಾರ ಈ ಮೂರನ್ನೂ ಹದಿನೆಂಟು ದಿನಗಳ ಹಿಂದೆಯೇ ಹಕ್ಕಿ ತಿಂದು ಮುಗಿಸಿತ್ತು.

"ಯಾವ ಮರದಿಂದ ತೆಗೆದಿರಿ ಅತ್ತೆ?"

"ಪಾರ್ಕಿನ ಮರದಿಂದ."

"ಪಾರ್ಕಲ್ಲಿ ನನ್ನ ಮರಗಳೇ ಇನ್ನೂರ ನಲವತ್ತಿವೆ. ಬುಡದಲ್ಲಿ ನಂಬರ್ ಬರೆದಿದೆಯಲ್ಲ, ನೋಡಲಿಲ್ಲವಾ?"

"ನಾನು ಹುಳ ನೋಡ್ದೆ. ಬುಡ ಯಾಕೆ ನೋಡ್ಲಿ?"

"ಪಿನ್ನು?"

ಅತ್ತೆ ಕುತ್ತಿಗೆ ಬಗ್ಗಿಸಿ ಶಾಲಿನ ಅಂಚು ತೋರಿಸಿದರು. ಮೂರು ಪಿನ್ನುಗಳನ್ನೂ ಅಚ್ಚುಕಟ್ಟಾಗಿ ಅಲ್ಲಿ ಚುಚ್ಚಿಕೊಂಡಿದ್ದರು. ಬಟ್ಟೆ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ನೆಲದ ಮೇಲೆ ಪಿನ್ನು ಬೀಳಲು ಬಿಡುವುದು ಅವರ ಮಟ್ಟಿಗೆ ಅಪರಾಧ. ಪಿನ್ನನ್ನು ಮರದಲ್ಲೇ ಬಿಟ್ಟಿದ್ದರೆ ಕೊನೆಗೆ ಯಾವ ಮರ ಎಂದಾದರೂ ತಿಳಿಯುತ್ತಿತ್ತು.

ನನ್ನ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಕ್ಕಿಯ ಬಾಯಿಂದ ತಪ್ಪಿಸಿಕೊಳ್ಳಲು ಹುಳಗಳಿಗೆ ಸ್ಥೂಲವಾಗಿ ಮೂರು ದಾರಿಗಳಿವೆ. ಮೊದಲನೆಯದು, ಕೂತ ಜಾಗದ ಬಣ್ಣವನ್ನೇ ತಾಳಿ ಕಣ್ಣಿಗೆ ಬೀಳದಿರುವುದು. ಎರಡನೆಯದು ಅದಕ್ಕೆ ತದ್ವಿರುದ್ಧ. ಮೈಯಲ್ಲಿ ವಿಷವಿರುವ ಹುಳ ಹಳದಿ ಕಪ್ಪು ಪಟ್ಟೆ ತೊಟ್ಟು ಎದ್ದು ಕಾಣುವಂತೆ ಕೂರುತ್ತದೆ. ಒಮ್ಮೆ ತಿಂದು ಕಹಿಯುಂಡ ಹಕ್ಕಿ ಆ ಪಟ್ಟೆಯನ್ನು ನೆನಪಿಟ್ಟುಕೊಳ್ಳುತ್ತದೆ. ಮೂರನೆಯದು ಶುದ್ಧ ಮೋಸ. ಒಳಗೆ ಕಹಿಯೂ ಇಲ್ಲ, ವಿಷವೂ ಇಲ್ಲ. ಕಹಿ ಹುಳದ ಪಟ್ಟೆಯನ್ನು ಹೆಚ್ಚುಕಡಿಮೆ ನಕಲು ಮಾಡಿಕೊಂಡು, ಇನ್ನೊಬ್ಬರು ಗಳಿಸಿಕೊಟ್ಟ ಹೆದರಿಕೆಯಲ್ಲಿ ಬದುಕುವುದು. ಈ ಯಾವುದನ್ನೂ ಯಾವ ಹುಳವೂ ಯೋಚಿಸಿ ಮಾಡಿದ್ದಲ್ಲ. ಸ್ವಲ್ಪ ಕಡಿಮೆ ಕಂಡದ್ದು, ಸ್ವಲ್ಪ ಹೆಚ್ಚು ಹೆದರಿಸಿದ್ದು ಉಳಿದು ಮೊಟ್ಟೆಯಿಟ್ಟಿತು, ಉಳಿಯದ್ದು ಹಕ್ಕಿಯ ಹೊಟ್ಟೆ ಸೇರಿತು. ಇದು ಲಕ್ಷಾಂತರ ವರ್ಷ ನಡೆದುಬಂದ ಜರಡಿ.

ಊರ ನಡುವಿನ ಪಾರ್ಕಿನಲ್ಲಿ ಈ ಮೂರರಲ್ಲಿ ಯಾವುದು ಹೆಚ್ಚು ಕಾಪಾಡುತ್ತದೆ ಎಂಬುದು ನನ್ನ ಪಿಎಚ್‌ಡಿ ಪ್ರಬಂಧದ ಪ್ರಶ್ನೆ. ತೊಗಟೆಯ ಕಂದು, ಹಳದಿ ಕಪ್ಪು ಪಟ್ಟೆ, ನಕಲಿ ಪಟ್ಟೆ, ಹೋಲಿಕೆಗೆ ಸಾದಾ ಹಸಿರು. ಒಂದೊಂದು ಬಗೆಯಲ್ಲಿ ಅರವತ್ತು ಹುಳ, ಒಂದು ಮರಕ್ಕೆ ಒಂದು. ಎರಡು ದಿನ ಬಿಟ್ಟು ನೋಡಿ, ಸಿಕ್ಕಿದ್ದನ್ನು ಕಿತ್ತು ತರುವುದು. ಕೊಕ್ಕಿನ ಗುರುತು ಬಿದ್ದಿದ್ದರೆ ದಾಳಿಯಾಗಿದೆ. ಹುಳವೇ ಇಲ್ಲದಿದ್ದರೆ ಹೊತ್ತೊಯ್ದಿದೆ, ಅದೂ ದಾಳಿಯೇ.

ನಿಯಮಗಳೆಲ್ಲ ನನ್ನ ಗೈಡ್‌ದು. ಅವರ ನಿಯಮಗಳಲ್ಲಿ ತೂತು ಹುಡುಕುವುದು ಕಷ್ಟ. ಹುಡುಕುವವರಿಗೆ ಜಾಗ ಮೊದಲೇ ಗೊತ್ತಿರಬಾರದೆಂದು ಹುಳಗಳನ್ನು ಚುಚ್ಚುವ ಕೆಲಸವನ್ನು ನಮ್ಮ ಲ್ಯಾಬಿನಲ್ಲಿ ಜೇಡಗಳ ಮೇಲೆ ಕೆಲಸ ಮಾಡುವ ಹುಡುಗಿಗೆ ಕೊಟ್ಟರು. ಕಾಗೆಗಳು ಗುರುತು ಕಲಿತುಬಿಡುತ್ತವೆಂದು ಹುಳದ ಹತ್ತಿರ ಯಾವ ಗುರುತೂ ಇಡಕೂಡದು ಎಂದರು. ಯಾವ ಮರಕ್ಕೂ ಪಕ್ಷಪಾತ ಆಗಬಾರದೆಂದು ಹುಡುಕಲು ಮರಕ್ಕೆ ಸರಿಯಾಗಿ ಎರಡೇ ನಿಮಿಷ ಕೊಟ್ಟರು. ಸ್ಟಾಪ್‌ವಾಚ್ ಕೂಗಿದರೆ "ಇಲ್ಲ" ಎಂದು ಬರೆದು ಮುಂದಿನ ಮರಕ್ಕೆ ಹೋಗಬೇಕು.

ಎರಡು ನಿಮಿಷ ಹುಡುಕಿದ್ದು ನಾನು. ಅರವತ್ತು ಕಂದು ಹುಳಗಳಲ್ಲಿ ಇಪ್ಪತ್ತೊಂದು ಗಾಯವಿಲ್ಲದೆ ಸಿಕ್ಕವು, ನಾಲ್ಕರ ಮೇಲೆ ಕೊಕ್ಕಿನ ಗುರುತಿತ್ತು, ಮೂವತ್ತೈದು "ಇಲ್ಲ". ಅಂದರೆ ಅಡಗಿ ಕೂತ ಹುಳವೇ ಎಲ್ಲಕ್ಕಿಂತ ಹೆಚ್ಚು ತಿನ್ನಿಸಿಕೊಂಡಿತ್ತು, ರಾಜಾರೋಷವಾಗಿ ಕೂತ ಸಾದಾ ಹಸಿರಿಗಿಂತಲೂ ಹೆಚ್ಚು. ಗೈಡ್ ಕುರ್ಚಿಯಿಂದ ಎದ್ದೇ ನಿಂತಿದ್ದರು. "ಊರಿನ ಹಕ್ಕಿ ಬದಲಾಗಿದೆ ಕಣಮ್ಮ! ಮರೆಮಾಚುವಿಕೆ ಇಲ್ಲಿ ಸೋತಿದೆ!" ಈ ಗುರುವಾರದ ಸಮ್ಮೇಳನದಲ್ಲಿ ಅವರ ಭಾಷಣದ ಶೀರ್ಷಿಕೆಯೇ ಅದು. ಪ್ರಬಂಧ ಒಪ್ಪಿಸಲು ನನ್ನ ಕೊನೆಯ ದಿನ ಶುಕ್ರವಾರ. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿದೆ, ಮೂರನೆಯದು ಇಲ್ಲ. ಅವರ ಸಹಿ ಇಲ್ಲದೆ ಒಪ್ಪಿಸಿದರೆ ಕಚೇರಿಯವರು ಮುಟ್ಟುವುದೂ ಇಲ್ಲ. ಶುಕ್ರವಾರ ದಾಟಿದರೆ ಏಳು ವರ್ಷ ನೀರಿನಲ್ಲಿ ಹೋಮ.

ಕ್ಲೇ ಹುಳವನ್ನು ಹಕ್ಕಿ ಕುಕ್ಕಿ ಬಿಡುತ್ತದೆ, ಹೊತ್ತೊಯ್ಯುವುದು ಅಪರೂಪ. ನಾಲ್ಕು ಕುಕ್ಕಿದ್ದಕ್ಕೆ ಮೂವತ್ತೈದು ಹೊತ್ತೊಯ್ದದ್ದೇ? ಈ ಪ್ರಶ್ನೆ ನನಗೆ ಆಗಲೇ ಬಂದಿತ್ತು. ಕಷ್ಟಪಟ್ಟು ಹುಡುಕಿದ ಹಕ್ಕಿ ಪೂರ್ತಿ ಎತ್ತಿಕೊಂಡೇ ಹೋಗುತ್ತದೆ ಎಂದು ನಾನೇ ಒಂದು ಪ್ಯಾರಾ ಬರೆದು ಅದರ ಬಾಯಿ ಮುಚ್ಚಿಸಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

"ಅತ್ತೆ, ಚಪ್ಪಲಿ ಬಿಚ್ಚಬೇಡಿ," ಅಂದೆ. "ಪಾರ್ಕಿಗೆ ಹೋಗೋಣ."

"ಈಗ ತಾನೇ ಬಂದೆನಲ್ಲೇ!"

ಮೂವತ್ತೈದು ಮರ. ಷರತ್ತುಗಳನ್ನು ದಾರಿಯಲ್ಲೇ ಹೇಳಿದೆ. ಮುಟ್ಟಬಾರದು, ಕೀಳಬಾರದು, ತೋರಿಸಬೇಕು ಅಷ್ಟೇ. ಮೊದಲ ಮರದ ಮುಂದೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಸುತ್ತು ಹಾಕಿದೆ. ಅತ್ತೆ ಒಂದೇ ಕಡೆ ನಿಂತು ತಲೆಯನ್ನು ಓರೆ ಮಾಡಿ, "ಅಗೋ, ನಿನ್ನ ಮೊಣಕೈ ಮಟ್ಟದಲ್ಲಿ," ಅಂದರು. ಇತ್ತು. ತೊಗಟೆಯ ಬಿರುಕಿನ ಪಕ್ಕ, ಬಿರುಕಿನ ಹಾಗೇ. ಹದಿನೆಂಟು ದಿನಗಳ ಹಿಂದೆ ಅದೇ ಜಾಗದಲ್ಲಿ ನಿಂತು ನಾನು "ಇಲ್ಲ" ಎಂದು ಬರೆದಿದ್ದೆ.

ಐದನೇ ಮರದ ಹೊತ್ತಿಗೆ ಪೀಪಿ ಕೇಳಿಸಿತು. ಪಾರ್ಕಿನ ಕಾವಲುಗಾರನನ್ನು ಎಲ್ಲರೂ ಸೀಟಿ ಅಂತಲೇ ಕರೆಯುವುದು. ಬಾಯಿಂದ ಸೀಟಿ ತೆಗೆದರೆ ಮಾತು, ಮಾತು ನಿಂತರೆ ಸೀಟಿ.

"ಹುಳದ ಮೇಡಂ, ಮತ್ತೆ ಶುರು ಮಾಡಿದ್ರಾ? ಅನುಮತಿ ಪತ್ರ ಹೋದ ತಿಂಗಳದ್ದು."

"ಹಾಕೋಕೆ ಬಂದಿಲ್ಲಪ್ಪ, ಇರೋದನ್ನ ನೋಡೋಕೆ ಬಂದಿದ್ದೀನಿ."

"ನೋಡೋಕೂ ಪತ್ರ ಬೇಕು."

"ಮರ ನೋಡೋಕೆ ಪತ್ರ ಬೇಕಾ?" ಅತ್ತೆ ತಿರುಗಿ ನಿಂತರು. "ದಿನಾ ಬೆಳಿಗ್ಗೆ ನೋಡ್ತೀನಲ್ಲ, ನನ್ನ ಹಿಡಿದು ಹಾಕು ಮತ್ತೆ."

ಸೀಟಿ ಗೊಣಗುತ್ತ ಹೋದ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಇಪ್ಪತ್ತೆಂಟು ಹುಳ ಸಿಕ್ಕಿದ್ದವು. ಇಪ್ಪತ್ತೈದನ್ನು ಕಂಡದ್ದು ಅತ್ತೆ, ಮೂರನ್ನು ನಾನು. ಕೊಕ್ಕಿನ ಗುರುತು ಇದ್ದದ್ದು ಎರಡರ ಮೇಲೆ ಮಾತ್ರ. ಪ್ರತಿಯೊಂದರ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು, ಇದ್ದಲ್ಲೇ ಬಿಟ್ಟೆ. ಅತ್ತೆ ಬೆಳಿಗ್ಗೆ ಕಿತ್ತು ತಂದ ಮೂರೂ ಸೇರಿದರೆ ಮೂವತ್ತೊಂದು. ನಿಜವಾಗಿ ಕಾಣೆಯಾದದ್ದು ನಾಲ್ಕೇ. ಹದಿನೆಂಟು ದಿನಗಳ ನಂತರವೂ ಗಾಯವಿಲ್ಲದ ಹುಳಕ್ಕೆ ಎರಡನೇ ದಿನವೂ ಗಾಯವಿರಲಿಲ್ಲ, ಅದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಾಗಿ ಅರವತ್ತರಲ್ಲಿ ಐವತ್ತು ಕಂದು ಹುಳ ಉಳಿದಿದ್ದವು. ಹಳದಿ ಕಪ್ಪು ಪಟ್ಟೆಯವು ಐವತ್ತೆರಡು. ಮರೆಮಾಚುವಿಕೆ ಸೋತಿರಲಿಲ್ಲ. ಎಷ್ಟು ಚೆನ್ನಾಗಿ ಗೆದ್ದಿತ್ತೆಂದರೆ ಹಕ್ಕಿಯ ಜೊತೆಗೆ ನಾನೂ ಸೋತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. "ಅಮ್ಮ ಹೇಳೋದೂ ಸರಿ, ನಿನ್ನ ಗೈಡ್ ನಿಯಮಾನೂ ಸರಿ," ಅಂದು ನೀರು ಕುಡಿದರು. ಈ ಮನೆಯಲ್ಲಿ ಮರೆಮಾಚುವಿಕೆಯ ಅಧ್ಯಯನಕ್ಕೆ ಪಾರ್ಕಿನವರೆಗೂ ಹೋಗಬೇಕಿರಲಿಲ್ಲ.

ಮಂಗಳವಾರ ಗೈಡ್ ಕೊಠಡಿ. ಮೇಜಿನ ಮೇಲೆ ಭಾಷಣದ ಹಾಳೆಗಳು, ಕಿಟಕಿಯ ಹತ್ತಿರ ಇಸ್ತ್ರಿ ಮಾಡಿಸಿದ ಕೋಟು. ನನ್ನ ಫೋಟೊಗಳನ್ನು ಒಂದೊಂದಾಗಿ ನೋಡಿದರು. ಮುಖದಲ್ಲಿ ಏನೂ ಇಲ್ಲ.

"ಹದಿನೆಂಟು ದಿನ," ಅಂದರು. "ಈ ಮಧ್ಯೆ ಯಾರಾದರೂ ಮತ್ತೆ ಚುಚ್ಚಿರಬಹುದಲ್ಲ?"

"ಯಾರು ಸರ್? ಯಾಕೆ?"

"ಯಾಕೆ ಅಂತ ನನಗೇನು ಗೊತ್ತು. ನಿಮ್ಮ ಅತ್ತೆಯವರಿಗೆ ಹುಳ ಸಿಕ್ತವೆ, ನಿಮಗೆ ಸಿಗಲ್ಲ. ವಿಚಿತ್ರ ಅನ್ನಿಸಲ್ವಾ?"

"ಸರ್, ಅವರಿಗೆ ಅರವತ್ತೆಂಟು ವರ್ಷ. ಮಂಡಿನೋವು. ನನ್ನ ಪಿಎಚ್‌ಡಿ ಹಾಳು ಮಾಡಲು ಮನೆಯಲ್ಲಿ ಕೂತು ಕ್ಲೇ ಹೊಸೆದು, ಹದಿನೆಂಟು ದಿನದ ಧೂಳು ಹಚ್ಚಿ ಮರಕ್ಕೆ ಚುಚ್ಚಿದ್ದಾರೆ ಅಂತೀರಾ?"

"ನಾನು ಹಾಗೆ ಹೇಳಲಿಲ್ಲ. ಸಾಧ್ಯತೆಯನ್ನು ಪರಿಗಣಿಸಬೇಕು ಅಂದೆ." ಹಾಳೆಗಳನ್ನು ಸಮ ಮಾಡಿದರು. "ಇನ್ನೊಂದು. ಕಂದು ಮರಗಳನ್ನು ಮತ್ತೆ ಹುಡುಕಿದಿರಿ. ಹಸಿರಲ್ಲಿ ಏಳು 'ಇಲ್ಲ' ಇತ್ತು. ನಕಲಿಯಲ್ಲಿ ಐದು, ಪಟ್ಟೆಯಲ್ಲಿ ಮೂರು. ಆ ಹದಿನೈದು ಮರ?"

ಹುಡುಕಿರಲಿಲ್ಲ. ಒಂದು ಬಣ್ಣಕ್ಕೆ ಇಡೀ ದಿನ, ಉಳಿದವಕ್ಕೆ ಎರಡೇ ನಿಮಿಷ. ಅವರ ತಪ್ಪನ್ನು ತಿದ್ದಲು ಹೋಗಿ ಅದೇ ತಪ್ಪನ್ನು ಉಲ್ಟಾ ಮಾಡಿಕೊಂಡು ಬಂದಿದ್ದೆ. ಈ ಮನುಷ್ಯನ ದೊಡ್ಡ ಕಿರಿಕಿರಿಯೇ ಇದು. ತಪ್ಪು ಮಾತಾಡುತ್ತಿರುವಾಗಲೂ ನಡುವೆ ಒಂದು ಸರಿಯಾದ ಮಾತು ಹೇಳಿಬಿಡುತ್ತಾರೆ.

"ಹುಡುಕ್ತೀನಿ ಸರ್. ಆದರೆ ಹಳೆಯ ಪಟ್ಟಿಯನ್ನಿಟ್ಟುಕೊಂಡು ನಾನು ಪ್ರಬಂಧ ಒಪ್ಪಿಸಲ್ಲ."

"ಹೊಸ ಪಟ್ಟಿಗೆ ನಾನು ಸಹಿ ಹಾಕದಿದ್ದರೆ?"

"ಒಪ್ಪಿಸೋದೇ ಇಲ್ಲ."

ಗೈಡ್ ಕಿಟಕಿಯ ಕಡೆ, ಕೋಟಿನ ಕಡೆ ನೋಡಿದರು. "ನಾಳೆ ಏಳಕ್ಕೆ ಪಾರ್ಕು. ನಾನೇ ನೋಡ್ತೀನಿ. ಹದಿನೈದು ಮರವನ್ನೂ ನಿಮ್ಮ ಅತ್ತೆಯವರೇ ಹುಡುಕಬೇಕು. ಹುಡುಕುವವರು ಬದಲಾದರೆ ಹೋಲಿಕೆ ಕೆಡುತ್ತೆ."

ಮನೆಗೆ ಬಂದು, ಗೈಡ್ ಹೇಳಿದ್ದೆಲ್ಲವನ್ನೂ ಅತ್ತೆಗೆ ಒಪ್ಪಿಸಿದ್ದು ನನ್ನ ಪೆದ್ದುತನ.

"ನಾನು ಚುಚ್ಚಿದೆ ಅಂದ್ನಾ?"

"ಸಾಧ್ಯತೆ ಅಂದರು."

"ಕಳ್ಳಿ ಅಂದವನಿಗೆ ನಾನೇ ಹೋಗಿ ಹುಡುಕಿ ಕೊಡಬೇಕಾ? ನನಗೆ ಮಂಡಿನೋವು."

ಬಾಗಿಲು ಹಾಕಿಕೊಂಡರು. ಹೊರಗೆ ನಿಂತು ಬೇಡಿದೆ, ಸಿಡುಕಿದೆ, ಮತ್ತೆ ಬೇಡಿದೆ. ಒಳಗಿಂದ ರೇಡಿಯೋದ ದನಿ ಮಾತ್ರ ಜೋರಾಯಿತು.

ಬುಧವಾರ ಬೆಳಿಗ್ಗೆ ನಾನೊಬ್ಬಳೇ ಹೊರಟೆ. ಪಾರ್ಕಿನ ಗೇಟಿಗೆ ಹೋಗಿ ನೋಡಿದರೆ ಅತ್ತೆ ಆಗಲೇ ಬೆಂಚಿನ ಮೇಲೆ ಕೂತಿದ್ದರು. ನನ್ನ ಮುಖ ನೋಡದೆ, "ನಾನು ವಾಕಿಂಗಿಗೆ ಬಂದಿರೋದು," ಅಂದರು.

ಗೈಡ್ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಬಂದರು. ಕಂದು ಹುಳ ಇನ್ನೂ ಕೂತಿದ್ದ ಐದು ಮರಗಳ ನಂಬರು ಕೊಟ್ಟೆ. ಸ್ಟಾಪ್‌ವಾಚ್ ನನ್ನ ಕೈಯಲ್ಲಿ.

ಮೊದಲನೇ ಮರ. ಕನ್ನಡಕ ಏರಿಸಿ, ಇಳಿಸಿ, ತೊಗಟೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಸ್ಟಾಪ್‌ವಾಚ್ ಕೂಗಿತು. ಇಲ್ಲ. ಎರಡನೇ ಮರ, ಇಲ್ಲ. ಮೂರನೆಯದರಲ್ಲಿ ಸಿಕ್ಕಿತು. "ನೋಡಿದಿರಾ!" ಎಂದು ಗೆದ್ದವರ ಹಾಗೆ ತಿರುಗಿದರು. ನಾಲ್ಕನೇ ಮರದಲ್ಲಿ ಸುಸ್ತಾಗಿ ಕಾಂಡಕ್ಕೆ ಅಂಗೈ ಊರಿ ನಿಂತರು.

"ಮೇಷ್ಟ್ರೇ, ನಿಮ್ಮ ಹೆಬ್ಬೆರಳ ಪಕ್ಕದಲ್ಲೇ ಇದೆ," ಬೆಂಚಿನಿಂದ ಅತ್ತೆ ಕೂಗಿದರು.

"ಹೇಳಬೇಡಿ! ದಯವಿಟ್ಟು ಹೇಳಬೇಡಿ!"

"ಹೇಳಿದರೂ ಕಾಣ್ತಿಲ್ಲವಲ್ಲ."

ನಿಜವಾಗಿಯೂ ಕಾಣಲಿಲ್ಲ. ಸ್ಟಾಪ್‌ವಾಚ್ ಕೂಗಿದರೂ ಗೈಡ್ ಕದಲಲಿಲ್ಲ. ನಾನು ವಾಚ್ ತೋರಿಸಿದೆ. "ಇರಮ್ಮ, ಸುಮ್ನಿರು," ಎಂದು ಗದರಿದರು. ಅಷ್ಟರಲ್ಲಿ ಸೀಟಿ ಬಂದು, ಮರ ಮುಟ್ಟಬಾರದು ಎಂದು ಕಿವಿಗೆ ಊದಿದ. ಕೈ ತೆಗೆಯುವಾಗ ಹೆಬ್ಬೆರಳಿಗೆ ಹುಳ ಮೆತ್ತಗೆ ತಾಗಿತು. ಗೈಡ್ ಅದನ್ನೇ ತುಂಬಾ ಹೊತ್ತು ನೋಡಿದರು. ಐದನೇ ಮರಕ್ಕೆ ಹೋಗಲೇ ಇಲ್ಲ. ನೆಟ್ಟಗೆ ಬೆಂಚಿನ ಹತ್ತಿರ ನಡೆದರು.

ಕ್ಷಮೆ ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. "ನೀವು ಹೇಗೆ ನೋಡ್ತೀರಿ?" ಅಂದರು.

ಅತ್ತೆ ಮುಖ ತಿರುಗಿಸಿಕೊಂಡೇ ಇದ್ದರು. ಆದರೆ ಮೂವತ್ತೊಂದು ವರ್ಷದಲ್ಲಿ ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ನೀವಿಬ್ರೂ ಹುಳ ಹುಡುಕ್ತೀರಿ," ಅಂದರು ಕೊನೆಗೆ. "ಹುಳದ ಬಣ್ಣ ಹುಡುಕ್ತೀರಿ. ಬಣ್ಣ ಹೇಗೆ ಸಿಗುತ್ತೆ, ಒಂದೇ ಅಲ್ವಾ? ಕರಿ ಬಟ್ಟೆ ಮೇಲೆ ಕರಿ ದಾರದ ತುಂಡು ಬಿದ್ದಿರುತ್ತೆ. ದಾರ ಕಾಣಲ್ಲ. ಬಟ್ಟೆನ ಬೆಳಕಿಗೆ ಓರೆ ಮಾಡಿದ್ರೆ ದಾರದ ನೆರಳು ಕಾಣುತ್ತೆ. ಬಣ್ಣ ಬಿಡಿ, ನೆರಳು ನೋಡಿ. ಹುಳ ದುಂಡಗಿದೆ, ಅದರ ಕೆಳಗೆ ಒಂದು ಗೆರೆ ಕಪ್ಪಗಿರುತ್ತೆ."

ಗೈಡ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೇಬಿಟ್ಟರು. ನಿಜವಾದ ಎಷ್ಟೋ ಹುಳಗಳ ಹೊಟ್ಟೆಯ ಭಾಗ ತೆಳು ಬಣ್ಣದ್ದಾಗಿರುತ್ತದೆ. ಮೇಲಿನಿಂದ ಬೀಳುವ ಬೆಳಕು ಅಡಿಯಲ್ಲಿ ಮಾಡುವ ಕಪ್ಪನ್ನು ಆ ತೆಳುಬಣ್ಣ ಅಳಿಸಿ, ದುಂಡಗಿನ ಮೈಯನ್ನು ಚಪ್ಪಟೆಯಾಗಿ ತೋರಿಸುತ್ತದೆ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಅವರೇ ಅದನ್ನು ಪಾಠ ಮಾಡುತ್ತಾರೆ. ನಮ್ಮ ಕ್ಲೇ ಹುಳಗಳ ಹೊಟ್ಟೆಗೆ ತೆಳುಬಣ್ಣ ಹಚ್ಚಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಅಮ್ಮಾ, ಹದಿನೈದು ಮರ ಇದೆ," ಅಂದರು ಗೈಡ್. "ನಿಮ್ಮ ಜೊತೆ ನಾನೂ ನಿಲ್ತೀನಿ. ಕಲೀಬೇಕು."

ಅತ್ತೆ ಎದ್ದರು. ಕ್ಷಮೆಯ ಬದಲು ಇದನ್ನು ಒಪ್ಪಿಕೊಂಡದ್ದಕ್ಕೆ ನನಗೆ ಇವತ್ತಿಗೂ ಸಿಟ್ಟು. ನಾನು ಒಂದು ಗಂಟೆ ಬಾಗಿಲ ಮುಂದೆ ನಿಂತು ಬೇಡಿಕೊಂಡಿದ್ದೆ.

ಹದಿನೈದು ಮರಗಳಲ್ಲಿ ಸಿಕ್ಕಿದ್ದು ಒಂದೇ ಹುಳ. ಮುರಿದ ಕೊಂಬೆಯ ಮೋಟಿನ ಕೆಳಗೆ ಕೂತಿದ್ದ ಹಸಿರು ಹುಳ, ಗಾಯವಿಲ್ಲದ್ದು. ಉಳಿದ ಹದಿನಾಲ್ಕು ಸಿಗಲಿಲ್ಲ. ಎದ್ದು ಕಾಣುವ ಹುಳಗಳ ವಿಷಯದಲ್ಲಿ ನನ್ನ "ಇಲ್ಲ" ಬಹುಪಾಲು ನಿಜವೇ ಇತ್ತು. ಸುಳ್ಳಾದದ್ದು ಅಡಗಿದ್ದವುಗಳ ವಿಷಯದಲ್ಲಿ. ಎಲ್ಲ ಮರಕ್ಕೂ ಸಮಾನ ಸಮಯ ಕೊಟ್ಟು ನಾವು ಮರಗಳಿಗೆ ನ್ಯಾಯ ಒದಗಿಸಿದ್ದೆವು, ಕಂದು ಹುಳಕ್ಕೆ ಅನ್ಯಾಯ ಮಾಡಿದ್ದೆವು.

ಗೈಡ್ ಪಾರ್ಕಿನಿಂದಲೇ ಸಮ್ಮೇಳನದವರಿಗೆ ಫೋನು ಮಾಡಿ ಶೀರ್ಷಿಕೆ ಬದಲಿಸಿದರು. ಸಂಜೆ ಹೊತ್ತಿಗೆ ಅದು ಅವರದೇ ಯೋಚನೆಯಾಗಿತ್ತು. "ಸಂಶೋಧಕರ ಕಣ್ಣೂ ಒಂದು ಬೇಟೆಗಾರನ ಕಣ್ಣೇ, ಅದನ್ನೂ ಹುಳ ಮೋಸ ಮಾಡುತ್ತೆ. ಇದನ್ನು ಅಳೆದವರು ಕಡಿಮೆ ಕಣಮ್ಮ!" ಅಂದರು, ಹೋದ ತಿಂಗಳಿನ ಅದೇ ಉತ್ಸಾಹದಲ್ಲಿ. ನಾನು ಹೂಂಗುಟ್ಟಿದೆ. ಎರಡು ಅಧ್ಯಾಯ ಮತ್ತೆ ಬರೆಯುವುದಿತ್ತು, ನಲವತ್ತೆಂಟು ಗಂಟೆಯೂ ಉಳಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅವರ ಕೊಠಡಿಯಲ್ಲಿ ಪ್ರಬಂಧವಿಟ್ಟೆ. ಅತ್ತೆ ಕಿತ್ತು ತಂದ ಮೂರು ಹುಳಗಳ ಎದುರು "ಮರ ತಿಳಿಯದು" ಎಂದು ಬರೆದಿದ್ದೆ. ಅದಕ್ಕೆ ಹುಬ್ಬು ಗಂಟಿಕ್ಕಿ, ಬಿಟ್ಟರು. ವಿಧಾನದ ಅಧ್ಯಾಯದಲ್ಲಿ ಪೆನ್ನು ನಿಂತಿತು.

"'ಮರುಶೋಧವನ್ನು ಮೂವತ್ತೊಂದು ವರ್ಷಗಳ ಅನುಭವವುಳ್ಳ ಬಟ್ಟೆ ತಪಾಸಕಿ ನಡೆಸಿದರು.' ಇದೇನಿದು? 'ತರಬೇತಿಯಿಲ್ಲದ ಸ್ವಯಂಸೇವಕಿ' ಅಂತ ಹಾಕಿ. ರೂಢಿ ಅದೇ."

"ತರಬೇತಿಯಿಲ್ಲದವಳು ನಾನು ಸರ್."

"ಪರೀಕ್ಷಕರು ನಗ್ತಾರೆ."

"ಮೊದಲು ಹಾಗೇ ಬರೆದಿದ್ದೆ. ನಿನ್ನೆ ಅವರಿಗೆ ಓದಿ ಹೇಳಿದೆ. 'ಮೂವತ್ತೊಂದು ವರ್ಷ ನಾನೇನು ನೊಣ ಹೊಡೀತಾ ಕೂತಿದ್ನಾ?' ಅಂದರು. ನೀವೇ ಬಂದು ಹೇಳೋದಾದ್ರೆ ಬದಲಾಯಿಸ್ತೀನಿ."

ಗೈಡ್ ಪೆನ್ನಿನ ಹಿಂಬದಿಯಿಂದ ಹಣೆ ಕೆರೆದುಕೊಂಡರು. ಮುಂದಿನ ಪುಟ ತಿರುಗಿಸಿದರು. "ಎರಡು ನಿಮಿಷದ ಮಿತಿಯನ್ನು ನಿಗದಿಪಡಿಸಲಾಗಿತ್ತು" ಎಂದಿದ್ದಲ್ಲಿ, ಯಾರು ನಿಗದಿಪಡಿಸಿದರೆಂದು ನಾನು ಬರೆದಿರಲಿಲ್ಲ. ಅದನ್ನು ಎರಡು ಸಲ ಓದಿದರು. ನನ್ನನ್ನು ನೋಡಲಿಲ್ಲ. ಪೆನ್ನಿನಲ್ಲಿ ಮೇಲೆ ಸಣ್ಣಗೆ "ಮಾರ್ಗದರ್ಶಕರು" ಎಂದು ಸೇರಿಸಿದರು.

ಕೊನೆಯ ಪುಟದಲ್ಲಿ ಸಹಿ ಹಾಕಿದರು. ಅವಸರದಲ್ಲಿ ದಿನಾಂಕ ತಪ್ಪು ಹಾಕಿದ್ದರು. ತಿದ್ದಿಸಿಕೊಂಡು, ತಿದ್ದಿದ್ದಕ್ಕೂ ಒಂದು ಸಣ್ಣ ಸಹಿ ಹಾಕಿಸಿಕೊಂಡು, ಕಚೇರಿಯ ಬಾಗಿಲು ಮುಚ್ಚುವ ಮೊದಲು ಮೆಟ್ಟಿಲಿಳಿದು ಓಡಿದೆ.